ರತೀಶನ ಗಡ್ಡವೂ ಕಡಲಾಮೆಯ ಗೂಡೂ

ನನ್ನ ಕೈಗೆ ಮೈಕ್ ಕೊಟ್ಟರೆ ಮತ್ತೆ ವಾಪಸು ಕೇಳಬೇಡಿ. ಬೈಂದೂರಿನಿಂದ ಕೋಟದವರೆಗೆ ಎಲ್ಲೇ ಕ್ರಿಕೆಟ್ ಪಂದ್ಯಾಟವಾಗಲಿ, ವೀಕ್ಷಕ ವಿವರಣೆಗೆ ಈ ಕಿಟ್ಟನೇ ಆಗಬೇಕು. ಚೆಂಡು ಬೌಂಡರಿ ಮುಟ್ಟುವ ಮೊದಲೇ ನನ್ನ ಬಾಯಿ ಸಿಕ್ಸರ್ ಕೊಟ್ಟಿರುತ್ತದೆ ಎಂದು ಹೊಟ್ಟೆಕಿಚ್ಚಿನವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಅಂಥ ನಾನು ಒಂದು ಫೈನಲ್ ಪಂದ್ಯದ ಕೊನೆಯ ಚೆಂಡಿನ ಹೊತ್ತಿಗೆ ಮೈಕೇ ಇಲ್ಲದೆ ಮರಳ ಮೇಲೆ ಕುಕ್ಕರಗಾಲಲ್ಲಿ ಕೂರಬೇಕಾಯಿತು. ಅದಕ್ಕೆ ಕಾರಣ ಒಂದು ಗಡ್ಡ, ಒಂದು ಆಮೆ.

ಮೊದಲು ಗಡ್ಡದ ವಿಷಯ ಹೇಳುತ್ತೇನೆ. ಎರಡು ಸಾವಿರದ ಎಂಟರಲ್ಲಿ ನಮ್ಮ ಕೇರಿಯ ತಂಡ ಮತ್ತೊಮ್ಮೆ ತಲ್ಲೂರಿನವರ ಎದುರು ಫೈನಲ್ ಸೋತಿತು. ನಮ್ಮ ಕ್ಯಾಪ್ಟನ್ ರತೀಶ, ಬಂಗುಡೆ ಮೀನಿನ ದೋಣಿಗೆ ಹೋಗುವ ಹುಡುಗ, ಸಿಟ್ಟು ಮೂಗಿನ ತುದಿಯಲ್ಲೇ. ಬಹುಮಾನ ವಿತರಣೆಯ ನಡುವೆ ನನ್ನ ಮೈಕ್ ಕಿತ್ತುಕೊಂಡು, ಅಮ್ಮನವರ ಮೇಲೆ ಆಣೆ ಇಟ್ಟು, ತಾನು ಶೀಲ್ಡ್ ಗೆಲ್ಲುವ ತನಕ ಕೆನ್ನೆಗೆ ಬ್ಲೇಡು ತಾಗಿಸುವುದಿಲ್ಲ ಎಂದು ಹರಕೆ ಹೇಳಿಬಿಟ್ಟ. ಜನ ಶಿಳ್ಳೆ ಹೊಡೆದರು. ಶಿಳ್ಳೆಗೇನು, ಗಡ್ಡ ಬೆಳೆಯುವುದು ಅವರ ಮುಖದಲ್ಲಲ್ಲವಲ್ಲ.

ವರ್ಷ ಕಳೆಯುವಷ್ಟರಲ್ಲಿ ಆ ಗಡ್ಡದೊಳಗೆ ಮೀನಿನ ಹುರುಪೆ ಸಿಕ್ಕಿಕೊಂಡರೆ ಹುಡುಕಲು ಇನ್ನೊಬ್ಬರು ಬೇಕಾಗುತ್ತಿತ್ತು. ಅಷ್ಟರಲ್ಲಿ ಅವನಿಗೆ ಮದುವೆ ನಿಶ್ಚಯವಾಯಿತು. ಹುಡುಗಿ ಪೂಜಿತಾ, ಕೋಟದ ಬಟ್ಟೆ ಅಂಗಡಿಯಲ್ಲಿ ಕೆಲಸ. ರತೀಶನಿಗೆ ಅವಳೆಂದರೆ ಪ್ರಾಣ. ಅವಳು ಮಾತ್ರ ಹಿರಿಯರ ಎದುರೇ ಖಡಾಖಂಡಿತವಾಗಿ ಹೇಳಿದಳು.

"ಗಂಡ್ ಅಡ್ಡಿಲ್ಲೆ. ಗಡ್ಡ ಬ್ಯಾಡ. ಗಡ್ಡ ಹೊತ್ಕಂಡ್ ಮಂಟಪಕ್ಕ್ ಬಂದ್ರೆ ನಾ ಮಾಲಿ ಹಾಕುದಿಲ್ಲೆ."

ಮದುವೆ ಇದ್ದದ್ದು ಪಂದ್ಯಾಟ ಮುಗಿದ ಮರುವಾರ. ಹರಕೆ ಮುರಿಯೋಣವೆಂದರೆ ರತೀಶನ ಅಜ್ಜಿ, ನಮ್ಮೆಲ್ಲರ ಬಾಗಿಯಜ್ಜಿ, ಬಿಡುವವರಲ್ಲ. "ಅಮ್ಮನೋರಿಗ್ ಹೇಳದ್ದನ್ನ ತಪ್ಸುಕಾತಿಲ್ಲೆ ಮಗ," ಎಂದುಬಿಟ್ಟರು. ಹಾಗಾಗಿ ಉಳಿದದ್ದು ಒಂದೇ ದಾರಿ. ಶೀಲ್ಡ್ ಗೆಲ್ಲಬೇಕು, ಗಡ್ಡ ತೆಗೆಯಬೇಕು, ಮಾಲೆ ಹಾಕಿಸಿಕೊಳ್ಳಬೇಕು.

ರತೀಶ ಹೊಸವರ್ಷಕ್ಕೇ ಪಿಚ್ ತಯಾರಿ ಶುರು ಮಾಡಿದ. ಗದ್ದೆಯ ಜೇಡಿಮಣ್ಣು ತಂದು ಕಡಲತಡಿಯ ಮರಳಿನ ಮೇಲೆ ಹಾಸಿ, ನೀರು ಹೊಯ್ದು, ಡೀಸೆಲ್ ಡ್ರಮ್ಮಿಗೆ ಮರಳು ತುಂಬಿ ಉರುಳಿಸಿದೆವು. ನುಣುಪೆಂದರೆ ನುಣುಪು, ಊಟ ಬಡಿಸಬಹುದಿತ್ತು. ಒಂದು ದಿನ ಬೆಳಿಗ್ಗೆ ಹೋಗಿ ನೋಡಿದರೆ ಕಡಲಿನಿಂದ ಪಿಚ್ಚಿನವರೆಗೆ ಉದ್ದಕ್ಕೂ ಚಕ್ರದ ಗುರುತು, ಬದಿಯಲ್ಲಿ ಮರಳೆಲ್ಲ ಅಗೆದು ಚೆಲ್ಲಾಪಿಲ್ಲಿ.

"ತಲ್ಲೂರ್ನೋರ್ ಟಿಲ್ಲರ್ ಓಡ್ಸಿರ್!" ಎಂದು ರತೀಶ ಕೂಗಿದ.

ಗದ್ದೆ ಉಳುವ ಟಿಲ್ಲರ್ ಕಡಲಿನಿಂದ ಹೇಗೆ ಎದ್ದು ಬಂತು ಎಂದು ನಮ್ಮಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಮೀನಿನ ಟೆಂಪೊ ಹತ್ತಿ ಎಲ್ಲರೂ ತಲ್ಲೂರಿಗೆ ನುಗ್ಗಿದೆವು. ಅವರ ಕ್ಯಾಪ್ಟನ್ ಸುಧೀರ್ ಅಂಗಳದಲ್ಲಿ ಹಲ್ಲುಜ್ಜುತ್ತಿದ್ದ. ರತೀಶ ಹೋಗಿ ಅವನ ಬನಿಯನ್ ಹಿಡಿದ.

"ಹ್ವಾಯ್, ಬನೀನ್ ಬಿಡ್ ಮಾರಾಯಾ, ಹರೀತ್!" ಸುಧೀರ್ ಬಾಯಿಯ ನೊರೆ ಉಗಿದ. "ನಮ್ಮೂರಗೆ ಇಪ್ಪುದ್ ಒಂದ್ ಟಿಲ್ಲರ್. ಅದ್ ರಿಪೇರಿಗ್ ಹೋಯಿತ್. ನಡಿ, ನಿಮ್ಮ್ ಪಿಚ್ ಕಾಂಬ."

ಅದೇ ಟೆಂಪೊದಲ್ಲಿ, ಅದೇ ಮೀನಿನ ನೀರಿನಲ್ಲಿ ಕಾಲಿಟ್ಟುಕೊಂಡು ಅವನೂ ಬಂದ. ಬಂದು ನೋಡಿದರೆ ಬಾಗಿಯಜ್ಜಿ ಮೀನಿನ ಬುಟ್ಟಿ ಕೆಳಗಿಟ್ಟು, ಅಗೆದ ಮರಳಿನ ಪಕ್ಕ ಕೈಮುಗಿದು ಕೂತಿದ್ದರು.

"ಕಡ್ಲಗೇ ಹುಟ್ದ್ ಮಕ್ಳ್ ನೀವ್. ಆಮಿ ಹೆಜ್ಜಿ ಗುರ್ತ್ ಸಿಕ್ಲಿಲ್ಯಾ? ತಾಯಿ ಬಂದ್ ಮೊಟ್ಟಿ ಇಟ್ಟಿಕ್ ಹೋಯಿತ್."

ಬಲೆಗೆ ಆಮೆ ಬಿದ್ದರೆ ಕುಂಕುಮ ಹಚ್ಚಿ ಕಡಲಿಗೆ ಬಿಡುವ ಜನ ನಾವು. ನಮಗೆ ಅದರ ಹೆಜ್ಜೆ ಟಿಲ್ಲರ್ ಆಗಿ ಕಂಡಿತ್ತು. ಕ್ರಿಕೆಟ್ ತಲೆಗೇರಿದ ಮೇಲೆ ಕಣ್ಣಿಗೆ ಏನು ಕೆಲಸ! ಸುಧೀರ್ ಮರಳಿನಲ್ಲಿ ಹೊರಳಾಡಿ ನಕ್ಕ. ನನಗೆ ಮೈಯೆಲ್ಲ ಉರಿಯಿತು.

ಅಲ್ಲಿಂದ ರತೀಶನ ತಂಗಿ ವಿಜೇತಾಳ ದರ್ಬಾರು ಶುರುವಾಯಿತು. ಕುಂದಾಪುರದ ಕಾಲೇಜಿನಲ್ಲಿ ಓದುವ ಹುಡುಗಿ, ಅಣ್ಣನಿಗಿಂತ ಗಟ್ಟಿ ಗಂಟಲು. ಅರಣ್ಯ ಇಲಾಖೆಯವರನ್ನು ಕರೆತಂದಳು. ಗೂಡು ಇದ್ದಲ್ಲೇ ಇರಲಿ, ಬೇಲಿ ಹಾಕಿ ಕಾಯಿರಿ ಎಂದರು ಅವರು. ಹಳೆಯ ಬಲೆಯಿಂದ ಬೇಲಿ ಕಟ್ಟಿದ್ದಾಯಿತು, ಪಿಚ್ ಪಕ್ಕಕ್ಕೆ ಸರಿಸಿದ್ದಾಯಿತು. ನಾಯಿ, ನರಿ ಓಡಿಸಲು ಪಾಳಿ ಹಾಕಿದಳು. ಪ್ರಾಕ್ಟೀಸಿಗೆ ಏಳದ ಹುಡುಗರು ಆಮೆಗಾಗಿ ನಸುಕಿಗೇ ಏಳತೊಡಗಿದರು. ಮಾರ್ಕೆಟ್ಟಿಗೆ ಹೊರಟ ಹೆಂಗಸರು ಬುಟ್ಟಿ ಹೊತ್ತುಕೊಂಡೇ ಬಂದು ಬೇಲಿಯೊಳಗೆ ಇಣುಕಿ, ಬಸುರಿ ಮನೆಗೆ ಬಂದವರ ಹಾಗೆ "ಎಂತಾರೂ ಆಯ್ತಾ?" ಎಂದು ಕೇಳಿ ಹೋಗುತ್ತಿದ್ದರು. ಚೆಂಡು ಬೇಲಿಯೊಳಗೆ ಬಿದ್ದರೆ ಬ್ಯಾಟ್ಸ್‌ಮನ್ ಔಟ್ ಎಂಬ ಹೊಸ ನಿಯಮವೂ ಬಂತು. ಆ ದಿಕ್ಕು ಬಿಟ್ಟು ಬೇರೆ ಕಡೆ ಹೊಡೆಯಲು ಬಾರದ ನಮ್ಮ ರೋಷನ್ ಮೂರು ಹೊತ್ತೂ ಮುಖ ಊದಿಸಿಕೊಂಡೇ ಇದ್ದ.

"ಪಂದ್ಯಾಟದ್ ಒಳ್ಗೆ ಮರಿ ಎಲ್ಲ ಕಡ್ಲಿಗ್ ಹೋತೊ, ಹೆದ್ರ್‌ಬ್ಯಾಡ," ಎಂದು ವಿಜೇತಾ ಅಣ್ಣನಿಗೆ ಭರವಸೆ ಕೊಟ್ಟಿದ್ದಳು. ಮರಿಗಳಿಗೆ ನಮ್ಮ ಪಂದ್ಯಾಟದ ಕರಪತ್ರ ಸಿಕ್ಕಿರಲಿಲ್ಲವೆಂದು ಕಾಣುತ್ತದೆ. ಫೈನಲ್ಲಿನ ದಿನವೂ ಗೂಡು ತೆಪ್ಪಗಿತ್ತು.

ನಮ್ಮದು ಹೊನಲು ಬೆಳಕಿನ ಪಂದ್ಯ. ದೀಪಕ್ಕೆ ಮಂಜಯ್ಯನ ಜನರೇಟರ್. ಇಲ್ಲಿ ಒಂದು ನಿಯಮದ ಮಾತು ಹೇಳಲೇಬೇಕು. ಹಿಂದೊಮ್ಮೆ ಎರಡನೆಯದಾಗಿ ಬ್ಯಾಟ್ ಮಾಡುತ್ತಿದ್ದ ತಲ್ಲೂರಿನವರು ಸೋಲುವ ಹೊತ್ತಿಗೆ ಯಾರೋ ಜನರೇಟರಿನ ವಯರ್ ಒದ್ದು, ಕತ್ತಲಾಗಿ, ಪಂದ್ಯವನ್ನೇ ಮತ್ತೆ ಆಡಬೇಕಾಗಿ ಬಂದಿತ್ತು. ಆವತ್ತು ರತೀಶನೇ ಹಟ ಹಿಡಿದು ನಿಯಮ ಮಾಡಿಸಿದ್ದ: ನಡುವೆ ದೀಪ ಹೋದರೆ ಎರಡನೆಯದಾಗಿ ಬ್ಯಾಟ್ ಮಾಡುತ್ತಿರುವ ತಂಡ ಸೋತ ಹಾಗೆ.

ಫೈನಲ್ಲಿನಲ್ಲಿ ತಲ್ಲೂರಿನವರದು ಮೊದಲ ಬ್ಯಾಟಿಂಗ್. ಸೂರ್ಯ ಮುಳುಗಿ, ದೀಪ ಹತ್ತಿ, ನಮ್ಮ ಸರದಿ ಬಂತು. ಕೋಟದಿಂದ ಪೂಜಿತಾ ಕೂಡ ಗೆಳತಿಯರೊಂದಿಗೆ ಬಸ್ಸು ಹತ್ತಿ ಬಂದು ಎದುರು ಸಾಲಿನಲ್ಲೇ ಕೂತಿದ್ದಳು, ಗಡ್ಡದ ಭವಿಷ್ಯ ನೋಡಲು. ಕೊನೆಯ ಚೆಂಡಿಗೆ ಎರಡು ರನ್ ಬೇಕು. ಬ್ಯಾಟ್ ಹಿಡಿದವನು ರತೀಶ, ಚೆಂಡು ಹಿಡಿದವನು ಸುಧೀರ್. ರತೀಶನಿಗೆ ಕ್ರೀಸಿನಲ್ಲಿ ಬ್ಯಾಟಿನಿಂದ ಗುಂಡಿ ತೋಡುವ ಚಟ, ಬಾವಿಯೇ ತೋಡಿಕೊಂಡಿದ್ದ. ನಾನು ಮೈಕಿನಲ್ಲಿ ಉಸಿರು ಎಳೆದುಕೊಂಡೆ. ಅಂಥ ಚೆಂಡಿಗಾಗಿಯೇ ನಾನು ಹುಟ್ಟಿದ್ದು.

"ಕಿಟ್ಟಣ್ಣ, ಮರಿ ಎದ್ದೊ!" ವಿಜೇತಾ ಬೇಲಿಯ ಬಳಿಯಿಂದ ಕಿರುಚಿದಳು. "ಕಡ್ಲಿಗ್ ಹೋತಿಲ್ಲೆ, ಲೈಟ್ ಕಂಡ್ಕಂಡ್ ಇತ್ಲಾಗೇ ಬತ್ತೊ!"

ನೋಡಿದೆ. ಬೇಲಿಯೊಳಗಿನ ಮರಳು ಅಕ್ಕಿ ಕುದಿದ ಹಾಗೆ ಮೇಲೆದ್ದಿತ್ತು. ಅಂಗೈಗಿಂತ ಸಣ್ಣ ಕಪ್ಪು ಮರಿಗಳು ಬಲೆಯ ಅಡಿಯಿಂದ ನುಸುಳಿ, ಕಡಲಿಗೆ ಬೆನ್ನು ಹಾಕಿ, ನಮ್ಮ ದೀಪದ ಕಂಬಗಳತ್ತ, ಪಿಚ್ಚಿನತ್ತ, ಅಷ್ಟು ಜನರ ಕಾಲುಗಳತ್ತ ಶಿಸ್ತಾಗಿ ಹೊರಟಿದ್ದವು. ಜನ ಎದ್ದು ನಿಂತರು. ಇನ್ನು ನೂಕುನುಗ್ಗಲು ಶುರುವಾದರೆ ಮುಗಿಯಿತು.

ರತೀಶ ಒಮ್ಮೆ ಮರಿಗಳನ್ನು ನೋಡಿದ. ಒಮ್ಮೆ ಪೂಜಿತಾಳನ್ನು ನೋಡಿದ. ಕೈ ತಾನಾಗಿ ಗಡ್ಡಕ್ಕೆ ಹೋಯಿತು. ಅಯ್ಯೋ ಪಾಪ ಅನಿಸಿತು ನನಗೆ, ಸುಳ್ಳು ಹೇಳುವುದಿಲ್ಲ.

"ಮಂಜಯ್ಯ, ಜನರೇಟರ್ ಬಂದ್ ಮಾಡಿ!" ಎಂದು ಕೂಗಿದ.

"ಒಂದೇ ಬಾಲ್ ಇತ್ತಲ ಮಾರಾಯಾ!" ಎಂದೆ ಮೈಕಿನಲ್ಲೇ.

"ಒಂದ್ ಬಾಲ್ ಹಾಕುದ್ರೊಳ್ಗೆ ಎಷ್ಟ್ ಮರಿ ಕಾಲಡಿಗ್ ಬೀಳತ್ತೊ! ಬಂದ್ ಮಾಡಿ ಅಂದೆ!"

ಜನರೇಟರ್ ನಿಂತಿತು. ದೀಪ ಹೋಯಿತು, ನನ್ನ ಮೈಕೂ ಸತ್ತಿತು. ಕತ್ತಲಲ್ಲಿ ವಿಜೇತಾಳ ದನಿ ಮಾತ್ರ: "ಯಾರೂ ಕಾಲ್ ಎತ್ತುಕಾಗ, ಇದ್ದಲ್ಲೇ ಕೂಕಣಿ! ಮರಿ ಮುಟ್ಟುಕಾಗ!" ಇಡೀ ಕಡಲತಡಿ ಇದ್ದಲ್ಲೇ ಕೂತಿತು. ಮೈಕಿದ್ದಾಗ ನನ್ನ ಮಾತಿಗೆ ಯಾರೂ ಹಾಗೆ ಕೂತದ್ದಿಲ್ಲ. ಮರಿಗಳಿಗೆ ಕಡಲಿನ ದಿಕ್ಕು ತೋರಿಸಲು ಅವಳು ಟಾರ್ಚ್ ಹಿಡಿದು ನೀರಿಗಿಳಿದು ಮೊಣಕಾಲು ನೀರಿನಲ್ಲಿ ನಿಂತಳು. ಮರಿಗಳು ಸ್ವಲ್ಪ ಹೊತ್ತು ಗಲಿಬಿಲಿಗೊಂಡು, ಆಮೇಲೆ ಒಂದೊಂದಾಗಿ ತಿರುಗಿದವು.

ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಆ ಟಾರ್ಚಿನ ಬೆಳಕಿನಲ್ಲಿ ಎಲ್ಲ ಕಾಣತೊಡಗಿತು, ನನಗೆ ಸುಮ್ಮನಿರಲಾಗಲಿಲ್ಲ. ಪಕ್ಕದವನ ಕಿವಿಯಲ್ಲಿ ಪಿಸುಗುಟ್ಟತೊಡಗಿದೆ: "ಎಡಗಡಿಯಿಂದ ಒಂದ್ ಮರಿ ಮುನ್ನುಗ್ಗತ್ತಾ ಇತ್, ಸುಧೀರನ್ ರನ್ನಪ್ ದಾಟಿತ್..." ಅವನು ಪಕ್ಕದವನಿಗೆ ಹೇಳಿದ, ಅವನು ಮುಂದಿನವನಿಗೆ. ನನ್ನ ವಿವರಣೆ ಸಾಲುಸಾಲಾಗಿ ದಾಟಿ ಕೊನೆಯ ತನಕ ಹೋಯಿತು. ಸುಧೀರ್ ಮಂಡಿಯೂರಿ, ತನ್ನ ಬೂಟು ತುಳಿದು ಬಿದ್ದ ಗುಂಡಿಗಳನ್ನೆಲ್ಲ ಕೈಯಿಂದ ಮುಚ್ಚುತ್ತಾ ಮರಿಗಳಿಗೆ ದಾರಿ ಮಾಡುತ್ತಿದ್ದ.

ಕೊನೆಯ ಮರಿ ರತೀಶ ತೋಡಿದ ಬಾವಿಯೊಳಗೆ ಬಿತ್ತು. ಹತ್ತಿತು, ಜಾರಿತು, ಮತ್ತೆ ಹತ್ತಿತು. ಮುಟ್ಟುವ ಹಾಗಿಲ್ಲ. ರತೀಶ ಮರಳಿನಲ್ಲಿ ಬೋರಲಾಗಿ ಮಲಗಿ ತನ್ನ ಬ್ಯಾಟನ್ನು ಗುಂಡಿಯೊಳಗೆ ಓರೆಯಾಗಿ ಇಳಿಸಿದ. ಮರಿ ಬ್ಯಾಟಿನ ಮೇಲೆ ತೆವಳಿ ಹೊರಗೆ ಬಂತು. ಅವನ ಗಡ್ಡಕ್ಕೆ ಉಜ್ಜಿಕೊಂಡೇ ಕಡಲಿಗೆ ಹೋಯಿತು. ಎದುರು ಸಾಲಿನಲ್ಲಿದ್ದವರಿಗೆ ಅದು ಚೆನ್ನಾಗಿ ಕಂಡಿತು.

ದೀಪ ಬಂದ ಮೇಲೆ ಅಂಪೈರ್ ಚಂದಯ್ಯ ಗಂಟಲು ಸರಿಮಾಡಿಕೊಂಡು ತಲ್ಲೂರಿನವರು ಗೆದ್ದರೆಂದು ಸಾರಿದರು. ಹಾಗೆ ಗೆಲ್ಲಲು ಸುಧೀರನಿಗೆ ಮನಸ್ಸಿರಲಿಲ್ಲ. "ಆ ಒಂದ್ ಬಾಲ್ ಈಗ ಹಾಕ್ತೆ, ಆಡ್," ಎಂದ.

"ಬ್ಯಾಡ. ನಿಯಮ ನಾನೇ ಮಾಡ್ಸದ್ದ್," ಎಂದ ರತೀಶ. ಬ್ಯಾಟಿನ ಮರಳು ಕೊಡವಿ ಪೂಜಿತಾಳ ಎದುರು ಹೋಗಿ ತಲೆ ತಗ್ಗಿಸಿ ನಿಂತ. "ಇನ್ ನಿಂಗ್ ಬಿಟ್ಟದ್ದ್."

ಅವಳು ಅವನ ಗಡ್ಡವನ್ನು ಬಹಳ ಹೊತ್ತು ನೋಡಿದಳು. ನಾನು ಮೈಕ್ ಆಫ್ ಮಾಡಿದೆ, ಜೀವಮಾನದಲ್ಲೇ ಮೊದಲ ಬಾರಿಗೆ ಸ್ವಂತ ಕೈಯಿಂದ.

"ಇರ್ಲಿ," ಎಂದಳು. "ತಲಿಗ್ ಎಣ್ಣಿ ಹಾಕು ದಿನ ಅದ್ಕೂ ಹಾಕ್."

ಮದುವೆಯಾಯಿತು. ಈಗ ಪಂದ್ಯಾಟ ಹಗಲಿಗೇ ಮುಗಿಯುತ್ತದೆ, ಚಳಿಗಾಲವಿಡೀ ಕೇರಿಯ ಕಡಲ ಬದಿಗೆ ದೊಡ್ಡ ದೀಪ ಹಾಕುವುದಿಲ್ಲ. ತಲ್ಲೂರಿನ ಹುಡುಗರೂ ಗೂಡು ಕಾಯಲು ಪಾಳಿಗೆ ಬರುತ್ತಾರೆ. ಬಂದು ಗೂಡು ಕಾಯುತ್ತಾರೆ, ಹೋಗುವಾಗ ಶೀಲ್ಡ್ ಗೆದ್ದುಕೊಂಡು ಹೋಗುತ್ತಾರೆ. ರತೀಶನ ಗಡ್ಡ ಎದೆಯ ತನಕ ಇಳಿದಿದೆ. ಮೊನ್ನೆ ಅವನ ಮಗಳು ಅದನ್ನು ಎಳೆಯುತ್ತಾ, ಬೇರೆ ಅಪ್ಪಂದಿರಿಗಿಲ್ಲದ್ದು ನಿಂಗೆಂತಕೆ ಎಂದು ಕೇಳಿದಳು. ರತೀಶ ಬಾಯಿ ತೆರೆಯುವ ಮೊದಲೇ ಪೂಜಿತಾ ಒಳಗಿನಿಂದ ಹೇಳಿದಳು.

"ಎಳೀಬ್ಯಾಡ ಮಗಾ. ಅದ್ ಆಮಿ ಮರಿ ಮುಟ್ಟಿಕ್ ಹೋದ್ ಗಡ್ಡ."