ಸುಣ್ಣದಲ್ಲಿ ಹೂತಿಟ್ಟ ಫೋನು

ಫೋನು ನೀರಿಗೆ ಬಿದ್ದರೆ ಅಕ್ಕಿ ಡಬ್ಬದೊಳಗೆ ಇಡುವವರನ್ನು ನೀವು ನೋಡಿರಬಹುದು. ಸಾದಲಿಯ ಶ್ಯಾಮಲಮ್ಮ ಸುಣ್ಣದ ಪುಡಿಯಲ್ಲಿ ಹೂತಿಟ್ಟಳು. ನಗುವುದಾದರೆ ನಗಿ, ಆದರೆ ಅದಕ್ಕೂ ಮೊದಲು ಅವಳ ಕಸುಬು ಏನು ಅಂತ ಒಂದಿಷ್ಟು ಕೇಳಿಸಿಕೊಳ್ಳಿ.

ಶ್ಯಾಮಲಮ್ಮನದು ಚಾಕಿ ಮನೆ. ಮೊಟ್ಟೆಯಿಂದ ಆಗಷ್ಟೇ ಹೊರಬಂದ ರೇಷ್ಮೆ ಹುಳ ಇರುವೆಗಿಂತ ಸಣ್ಣದು. ಅಂಥ ಎಳೆಯವನ್ನು ಸಾಕುವ ತಾಳ್ಮೆ ಎಲ್ಲ ರೈತರಿಗೂ ಇರುವುದಿಲ್ಲ. ಅದಕ್ಕೇ ಶ್ಯಾಮಲಮ್ಮ ಎಂಟೊಂಬತ್ತು ದಿನ ತಾನೇ ಸಾಕಿ, ಹುಳ ಎರಡನೇ ಜ್ವರಕ್ಕೆ ಕೂತಾಗ ರೈತರ ಕೈಗೆ ಒಪ್ಪಿಸುತ್ತಾಳೆ. ಜ್ವರ ಅಂದರೆ ಕಾಯಿಲೆಯಲ್ಲ. ಹುಳ ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂತು ಹಳೇ ಚರ್ಮ ಕಳಚಿಕೊಳ್ಳುವ ಹೊತ್ತು ಅದು. ಒಂದು ಹಗಲು ಒಂದು ರಾತ್ರಿ ಕೂರುತ್ತದೆ. ಆಗ ಹುಳದ ಕೆಳಗೆ ಪಸೆ ನಿಲ್ಲಬಾರದು ಅಂತ ಮೇಲೆ ಸುಣ್ಣದ ಪುಡಿ ಉದುರಿಸುತ್ತಾರೆ. ಹದಿನಾಲ್ಕು ವರ್ಷದಿಂದ ಸುಣ್ಣ ಪಸೆ ಹೀರುವುದನ್ನು ಕಣ್ಣಾರೆ ಕಂಡವಳಿಗೆ ಅಕ್ಕಿಯ ಮೇಲೆ ಯಾಕೆ ನಂಬಿಕೆ ಬರಬೇಕು?

ಬುಧವಾರ ಬೆಳಿಗ್ಗೆ ಆದದ್ದು ಇಷ್ಟು. ಚಾಕಿ ಮನೆಯ ಹೊಸ್ತಿಲಲ್ಲಿ ಬ್ಲೀಚಿಂಗ್ ನೀರಿನ ಸಣ್ಣ ತೊಟ್ಟಿಯಿದೆ. ಹುಳಕ್ಕೆ ಸೋಂಕು ತಗುಲದಿರಲಿ ಅಂತ, ಒಳಗೆ ಹೋಗುವವರು ಯಾರೇ ಆಗಲಿ ಅದರಲ್ಲಿ ಕಾಲು ಅದ್ದಿಯೇ ಹೋಗಬೇಕು. ಕಾಲು ಅದ್ದಲು ಬಗ್ಗಿದಾಗ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಫೋನು ಜಾರಿ ತೊಟ್ಟಿಗೆ ಬಿತ್ತು. ಎತ್ತಿ ಸೆರಗಿನಲ್ಲಿ ಒರೆಸಿದಳು. ಪರದೆ ಎರಡು ಸಲ ಮಿನುಗಿ ಕಪ್ಪಾಯಿತು. ಒಂದು ಕ್ಷಣವೂ ಯೋಚನೆ ಮಾಡದೆ ಅದನ್ನು ಸುಣ್ಣದ ಬಕೆಟ್ಟಿಗೆ ತೂರಿಸಿ, ಮೇಲೆ ಇನ್ನೆರಡು ಹಿಡಿ ಸುಣ್ಣ ಸುರಿದು, "ನಾಳೆ ಬೆಳಗ್ಗೆಗೆ ಸರಿಹೋಗುತ್ತೆ" ಅಂತ ಗಂಡ ರಾಮಾಂಜಿನಪ್ಪನಿಗೆ ಹೇಳಿ ಸೊಪ್ಪು ಹೆಚ್ಚಲು ಕೂತಳು.

"ಸಿಮ್ ತೆಗ್ದು ನನ್ ಫೋನಿಗೆ ಹಾಕ್ಕೊಳೆ" ಅಂತ ರಾಮಾಂಜಿನಪ್ಪ ತನ್ನ ಗುಂಡಿ ಫೋನು ಮುಂದೆ ಹಿಡಿದ.

"ಸಿಮ್ ತೆಗುದ್ರೆ ಒಳಗಿರೋದೆಲ್ಲ ಹೊಂಟೋಗುತ್ತೆ. ಸುಮ್ನಿರಿ" ಅಂದಳು. ರಾಮಾಂಜಿನಪ್ಪ ಸುಮ್ಮನಾದ. ಮೂವತ್ತು ವರ್ಷದ ಸಂಸಾರದಲ್ಲಿ ಅವನು ಕಲಿತ ವಿದ್ಯೆ ಅದೊಂದೇ.

ಗುರುವಾರ ಬೆಳಿಗ್ಗೆ ಫೋನು ಮೂಗಿನವರೆಗೂ ಸುಣ್ಣ ಮೆತ್ತಿಕೊಂಡು ಹೊರಬಂತು. ಚಾರ್ಜಿಗೆ ಹಾಕಿದರೆ ಉಸಿರಿಲ್ಲ. ಒಳಗೆ ಟ್ರೇಗಳಲ್ಲಿ ಹುಳ ಆಗಲೇ ತಲೆಯೆತ್ತಿ ಕೂತಿದ್ದವು. ಶ್ಯಾಮಲಮ್ಮ ಫೋನಿನ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದಳು. ಯಾಕೆಂದರೆ ಯಾರ ಹುಳ ಎಷ್ಟು ಅನ್ನುವುದೆಲ್ಲ ಆ ಫೋನಿನಲ್ಲಿತ್ತು. ಮೊದಲು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ವಾಟ್ಸಾಪಿನಲ್ಲಿ ಮಾತಾಡಿ ಕಳಿಸುವುದು ಬಂದಮೇಲೆ ರೈತರೂ ಮಾತಿನಲ್ಲೇ ಹೇಳಿದರು, ಇವಳೂ ಮಾತಿನಲ್ಲೇ "ಆಯ್ತಣ್ಣ" ಅಂದಳು. ಬರೆಯುವ ಕೆಲಸ ತಪ್ಪಿತು ಅಂತ ಖುಷಿಪಟ್ಟಿದ್ದಳು.

ಹುಳ ಜ್ವರಕ್ಕೆ ಕೂತಿದೆ, ಬನ್ನಿ ಅಂತ ಇವಳೇ ಫೋನು ಮಾಡುವುದು ವಾಡಿಕೆ. ಚಳಿ ಸೆಕೆ ನೋಡಿಕೊಂಡು ಹುಳ ಒಂದು ದಿನ ಹಿಂದೆ ಮುಂದೆ ಆಗುತ್ತದಾದ್ದರಿಂದ ರೈತರು ಇವಳ ಕರೆಗೇ ಕಾಯುತ್ತಾರೆ. ಇವತ್ತು ಸಂಜೆಯೊಳಗೆ ಹುಳ ಕೈ ಬದಲಾಗಬೇಕು. ನಾಳೆ ಬೆಳಕು ಹರಿಯುವಾಗ ಜ್ವರದಿಂದ ಎದ್ದ ಹುಳಕ್ಕೆ ಹೊಟ್ಟೆಗೆ ಬೇಕು. ಅಷ್ಟೂ ಹುಳಕ್ಕೆ ಹಾಕುವಷ್ಟು ಸೊಪ್ಪು ಇವಳ ತೋಟದಲ್ಲಿಲ್ಲ. ಕೈಯಾರೆ ಸಾಕಿದ್ದನ್ನು ಕೈಯಾರೆ ಉಪವಾಸ ಕೆಡವಬೇಕಾಗುತ್ತದೆ ಅಂದುಕೊಂಡಾಗ ಅವಳಿಗೆ ಅಳು ಬಂತು. ಅತ್ತರೆ ಹುಳ ಬದುಕುತ್ತವೆಯೇ? ಫೋನನ್ನು ಚೀಲಕ್ಕೆ ಹಾಕಿಕೊಂಡು ಶಿಡ್ಲಘಟ್ಟದ ಬಸ್ಸು ಹತ್ತಿದಳು.

ಬಸ್ ನಿಲ್ದಾಣದ ಹಿಂದೆ ಮುರಳಿಮೋಹನನ ಮೊಬೈಲ್ ಅಂಗಡಿ. ಆ ಫೋನು ಮೂರು ವರ್ಷದ ಹಿಂದೆ ಅಲ್ಲೇ ಕೊಂಡದ್ದು. ಮುರಳಿಮೋಹನ ಬುದ್ಧಿವಂತ, ಕೆಲಸದಲ್ಲಿ ಚುರುಕು. ಆದರೆ ಬಾಯಿ ಸ್ವಲ್ಪ ಜಾಸ್ತಿ. ಫೋನು ಬಿಚ್ಚಿ, ಸಣ್ಣ ಕಡ್ಡಿಯಿಂದ ಚಾರ್ಜಿಂಗ್ ತೂತು ಕೆದಕಿದ. ಒಳಗಿಂದ ಗಟ್ಟಿ ಬಿಳೀ ಗಾರೆ ಉದುರಿತು.

"ಏನಮ್ಮ ಇದು, ಹಬ್ಬಕ್ಕೆ ಗೋಡೆಗೆ ಹೊಡ್ದಂಗೆ ಸುಣ್ಣ ಹೊಡ್ದಿದೀರಾ?"

ಶ್ಯಾಮಲಮ್ಮ ತಲೆ ತಗ್ಗಿಸಿ ನಡೆದದ್ದು ಹೇಳಿದಳು.

"ನೀರಿಗೆ ಬಿದ್ ತಕ್ಷಣ ಆಫ್ ಮಾಡ್ಬೇಕು. ಸಿಮ್ ತೆಗೀಬೇಕು. ಬಟ್ಟೇಲಿ ಒರ್ಸಿ ಫ್ಯಾನ್ ಕೆಳಗೆ ಇಡ್ಬೇಕು. ಚಾರ್ಜ್ ಹಾಕ್ಲೇಬಾರ್ದು. ಅಕ್ಕೀನೂ ಬೇಡ, ಸುಣ್ಣಾನೂ ಬೇಡ. ಒದ್ದೆ ಸುಣ್ಣ ಒಳಗಿರೋ ತಾಮ್ರಾನೆಲ್ಲ ತಿಂದಾಕಿದೆ. ಎಷ್ಟು ಜನಕ್ಕೆ ಹೇಳಿದ್ರೂ ಅಷ್ಟೇ ಬಿಡಿ, ನಿಮ್ಮಂಥೋರಿಗೆ ಯಾಕೆ ದೊಡ್ಡ ಫೋನು..."

ಶ್ಯಾಮಲಮ್ಮನಿಗೆ ಮಾತು ನಾಟಿತು. ಅದನ್ನು ನುಂಗಿಕೊಂಡು, "ಬೈಯಪ್ಪ, ಆಮೇಲೆ ಬೈಯಿ. ಮೊದ್ಲು ನಂಬರ್‌ಗಳು ಸಿಗ್ತಾವಾ ಹೇಳು. ಸಂಜೇಗೆ ಹುಳ ಕೊಡ್ಬೇಕು" ಅಂದಳು.

ಆ ದನಿ ಕೇಳಿ ಮುರಳಿಮೋಹನ ಬಾಯಿ ಮುಚ್ಚಿದ. ಸಿಮ್ ತೆಗೆದು ತೊಳೆದು ಒರೆಸಿ, ಅಂಗಡಿಯಲ್ಲಿದ್ದ ಹಳೇ ಫೋನೊಂದಕ್ಕೆ ಹಾಕಿದ. ಸಿಮ್ ಬದುಕಿತ್ತು.

"ಸಿಮ್ಮಲ್ಲಿ ಇರೋದು ನಿಮ್ ನಂಬರ್ ಮಾತ್ರ ಅಮ್ಮ. ಅದನ್ನ ಎಲ್ಲಿಗೆ ಹಾಕಿದ್ರೂ ಕರೆ ಬರುತ್ತೆ. ನಿನ್ನೇನೇ ಹಾಕಿದ್ರೆ ಇಷ್ಟು ತೊಂದ್ರೆ ಇರ್ಲಿಲ್ಲ. ಬೇರೆಯವ್ರ ನಂಬರ್‌ಗಳು ನಿಮ್ ಇಮೇಲ್ ಖಾತೇಲಿ ಇರ್ತವೆ. ಪಾಸ್‌ವರ್ಡ್ ಏನು?"

"ಯಾವ ಪಾಸ್‌ವರ್ಡು?"

"ಅಯ್ಯೋ, ಫೋನ್ ತಗೊಂಡಾಗ ಇಮೇಲ್ ಮಾಡ್ಸಿರ್ತೀರಲ್ಲಮ್ಮ. ಮಾಡ್ಕೊಟ್ಟೋರು ಯಾರೋ ಅವ್ರನ್ನ ಕೇಳ್ಬೇಕು. ಇಂಥೋರಿಂದಾನೇ ಎಲ್ಲ ಹಾಳು."

ಶ್ಯಾಮಲಮ್ಮ ಅವನ ಮುಖ ನೋಡಿದಳು. "ನೀನೇ ಅಲ್ವಾಪ್ಪ ಮಾಡ್ಕೊಟ್ಟಿದ್ದು. ನಿಮಗೆ ಗೊತ್ತಾಗಲ್ಲ ಬಿಡಿ ಅಂತ ಎರಡು ನಿಮಿಷದಲ್ಲಿ ಏನೇನೋ ಒತ್ತಿ ಕೊಟ್ಟೆ."

ಮುರಳಿಮೋಹನನ ಕಡ್ಡಿ ಕೈಯಲ್ಲೇ ನಿಂತಿತು. ನೆನಪಾಯಿತು. ಅವಳಿಗೊಬ್ಬಳಿಗೇ ಅಲ್ಲ, ಅಂಗಡಿಗೆ ಬಂದ ರೈತರು, ಹೂವಿನವರು, ನೂಲು ಬಿಚ್ಚುವ ಹೆಂಗಸರು, ಯಾರು ಫೋನು ಕೊಂಡರೂ ಅವನು ಹಾಗೇ ಮಾಡುತ್ತಿದ್ದ. ಖಾತೆ ಅವರ ಹೆಸರಿಗೆ, ಪಾಸ್‌ವರ್ಡು ಬಾಯಿಗೆ ಬಂದದ್ದು, ಮರೆತರೆ ಕೋಡು ಬರಲಿ ಅಂತ ಕೊಟ್ಟ ನಂಬರು ಮಾತ್ರ ಅಂಗಡಿಯದು. ಬೇಗ ಮುಗಿಯುತ್ತದಲ್ಲ ಅಂತ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುವ ಮಾತು ಇಂಥವರಿಗೇ ಇರುವುದು. ಅವನು ಕೆಟ್ಟವನಲ್ಲ. ಆತುರಗಾರ, ಅಷ್ಟೇ.

ಪಾಸ್‌ವರ್ಡು ಮರೆತಿದ್ದೇನೆ ಅಂತ ಒತ್ತಿದ. ಅವನ ಜೇಬಿನಲ್ಲಿ ಫೋನು ಗುಂಯ್ ಅಂದಿತು. ಶ್ಯಾಮಲಮ್ಮನ ಖಾತೆಯ ಬೀಗದ ಕೈ ಮೂರು ವರ್ಷದಿಂದ ಅವನ ಜೇಬಿನಲ್ಲಿತ್ತು.

"ತಪ್ಪಾಯ್ತಮ್ಮ" ಅಂದ. "ನಾನು ಹಿಂಗ್ ಮಾಡ್ಬಾರ್ದಿತ್ತು. ಈಗ ಹೊಸ ಪಾಸ್‌ವರ್ಡ್ ನೀವೇ ಹಾಕಿ. ನಂಗೂ ಹೇಳ್ಬೇಡಿ. ಮನೇಲಿ ಒಂದ್ ಕಡೆ ಬರ್ದಿಡಿ." ಫೋನನ್ನು ಅವಳ ಕೈಗೆ ಕೊಟ್ಟು, ಗೋಡೆಯ ಕಡೆ ತಿರುಗಿ ನಿಂತ. ಶ್ಯಾಮಲಮ್ಮ ತುಂಬ ಹೊತ್ತು ಯೋಚಿಸಿ, ಒಂದೊಂದೇ ಅಕ್ಷರ ಒತ್ತಿದಳು. ಅಷ್ಟು ಹೊತ್ತೂ ಅವನು ತಿರುಗಿ ನೋಡಲಿಲ್ಲ. ಅವನ ಮೇಲಿದ್ದ ಸಿಟ್ಟು ಅವಳಿಗೆ ಆಗಲೇ ಇಳಿದುಹೋಯಿತು.

ಹೆಸರುಗಳು ಒಂದೊಂದಾಗಿ ಪರದೆಯ ಮೇಲೆ ಬಂದವು. ಆದರೆ ಮಾತಾಡಿ ಕಳಿಸಿದ್ದು ಒಂದೂ ಬರಲಿಲ್ಲ. ಅದನ್ನು ಬೇರೆಯಾಗಿ ಉಳಿಸಿಡುವಂತೆ ಯಾರೂ ಮಾಡಿರಲಿಲ್ಲ. ಯಾರಿಗೆ ಕೊಡಬೇಕು ಅನ್ನುವುದು ಸಿಕ್ಕಿತು, ಎಷ್ಟು ಅನ್ನುವುದು ಹೋಯಿತು.

ಇನ್ನು ರೈತರನ್ನೇ ಕೇಳಬೇಕು. ಆದರೆ ಈ ಸಲ ಮೊಟ್ಟೆಗೆ ಬರ. ನೂರು ಹೇಳಿದವರೂ ಇನ್ನೂರು ಅಂದರೆ ಇಲ್ಲ ಅನ್ನಲು ಇವಳ ಬಳಿ ಏನಿದೆ? ಮೊದಲು ದಿಬ್ಬೂರಹಳ್ಳಿಯ ನಲ್ಲಪ್ಪನಿಗೆ ಮಾಡಿದಳು. ಅವನು ಹಳೇ ಗಿರಾಕಿ, ಗಟ್ಟಿ ಆಸಾಮಿ.

"ಅಣ್ಣ, ನನ್ ಫೋನ್ ಕೆಟ್ಟೋಯ್ತು. ನೀನು ಎಷ್ಟು ಮೊಟ್ಟೆ ಹೇಳಿದ್ದೆ, ನಂಗೆ ಗೊತ್ತಿಲ್ಲ ಈಗ."

"ಇನ್ನೂರು ಕೇಳಿದ್ದೆ ಕಣಮ್ಮ. ಅಷ್ಟಿಲ್ಲ, ನೂರೈವತ್ತೇ ಕೊಡೋದು ಅಂದಿದ್ದೆ ನೀನು. ನೂರೈವತ್ತೇ ಇಟ್ಟಿರು, ಸಂಜೆ ಬರ್ತೀನಿ."

ಶ್ಯಾಮಲಮ್ಮನ ಕಣ್ಣು ತುಂಬಿತು. ಒಬ್ಬೊಬ್ಬರಿಗೇ ಮಾಡುತ್ತ ಹೋದಳು. ಮುರಳಿಮೋಹನ ಗಿರಾಕಿಗಳನ್ನು ಆಮೇಲೆ ಬನ್ನಿ ಅಂತ ಕಳಿಸಿ, ಹಳೇ ಬಿಲ್ಲಿನ ಹಿಂದೆ ಲೆಕ್ಕ ಬರೆಯತೊಡಗಿದ. ಹನ್ನೆರಡು ಜನ. ಒಬ್ಬರೂ ಒಂದೂ ಹೆಚ್ಚಿಗೆ ಹೇಳಲಿಲ್ಲ ಅಂತ ಅವಳಿಗೆ ಗೊತ್ತಾದದ್ದು ಕೂಡಿಸಿದಾಗ. ಅವಳು ಚಾಕಿಗೆ ಇಟ್ಟದ್ದು ಸಾವಿರದೈನೂರು ಮೊಟ್ಟೆ, ಕೂಡಿಸಿದರೆ ಬಂದದ್ದು ಸಾವಿರದ ನಾನೂರು.

ನೂರು ಉಳಿಯಿತು. ಈ ಕಡೆ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟಷ್ಟೂ ಲೆಕ್ಕ. ನೂರು ಮೊಟ್ಟೆ ಅಂದರೆ ನಲವತ್ತು ಸಾವಿರ ಹುಳ.

"ಯಾರದಮ್ಮ ಇದು?" ಅಂದ ಮುರಳಿಮೋಹನ.

ಶ್ಯಾಮಲಮ್ಮನಿಗೆ ಆಗ ನೆನಪಾಯಿತು. ಹದಿನೈದು ದಿನದ ಹಿಂದೆ ಬಂದಿದ್ದ ಒಂದು ದನಿ. "ಅಕ್ಕ, ನಾನು ಹರಿಣಿ ಅಂತ, ಚಿಂತಾಮಣಿ ಕಡೆಯವಳು. ಹೊಸದಾಗಿ ಹಿಪ್ಪುನೇರಳೆ ಹಾಕಿದೀನಿ, ಇದೇ ಮೊದಲನೇ ಬೆಳೆ. ನೂರು ಮೊಟ್ಟೆ ಹುಳ ಕೊಡ್ತೀರಾ?" ಕೊಡ್ತೀನಮ್ಮ ಅಂದಿದ್ದಳು. ಹುಡುಗಿ ಬಂದಾಗ ಹೆಸರು ಹಾಕಿಕೊಂಡರಾಯಿತು ಅಂತ ನಂಬರು ಉಳಿಸಿಕೊಂಡಿರಲಿಲ್ಲ. ಹಳಬರ ಹೆಸರೆಲ್ಲ ಉಳಿಯಿತು, ಹೊಸಬಳ ಹೆಸರು ನೀರಿಗೆ ಹೋಯಿತು. ಮೊದಲ ಬೆಳೆಗೆ ಸೊಪ್ಪು ಬೆಳೆಸಿ, ಮನೆ ತೊಳೆದು ಕಾಯುತ್ತಿರುವವಳು. ಹುಳ ಬರದಿದ್ದರೆ ಅವಳು ಈ ಕಸುಬಿಗೇ ಕೈ ಮುಗಿಯುತ್ತಾಳೆ.

"ಊರು ಯಾವ್ದು?"

"ಹೇಳಿದ್ಲು. ಮರ್ತೆ" ಅಂದಳು ಶ್ಯಾಮಲಮ್ಮ. ಹಾಗೆ ಹೇಳುವುದಕ್ಕೆ ಅವಳಿಗೆ ನಾಚಿಕೆಯಾಯಿತು.

ಹಳೇ ಫೋನು ಆಗಿನಿಂದ ಟಿಣ್ ಟಿಣ್ ಅನ್ನುತ್ತಲೇ ಇತ್ತು. ಕಂಪನಿಯವರ ಜಾಹೀರಾತು ಇರಬೇಕು ಅಂತ ಶ್ಯಾಮಲಮ್ಮ ಅದರ ಕಡೆ ನೋಡಿರಲಿಲ್ಲ. ಮುರಳಿಮೋಹನ ತೆರೆದು ನೋಡಿದ.

"ಅಮ್ಮ, ಇದು ಜಾಹೀರಾತಲ್ಲ. ಫೋನ್ ಆಫ್ ಇದ್ದಾಗ ಯಾರ್ಯಾರು ಮಾಡಿದ್ರು ಅಂತ ಬಂದಿರೋದು. ರಾಮಾಂಜಿನಪ್ಪ ಮೂರು ಸಲ. ಇದ್ಯಾವ್ದೋ ಹೆಸರಿಲ್ಲದ ನಂಬರು, ಏಳು ಸಲ. ನಿನ್ನೆ ಮಧ್ಯಾಹ್ನದಿಂದ."

ಅವನೇ ಒತ್ತಿ ಅವಳ ಕೈಗೆ ಕೊಟ್ಟ. ಎರಡನೇ ರಿಂಗಿಗೇ ಎತ್ತಿಕೊಂಡರು.

"ಅಕ್ಕ?" ಅದೇ ದನಿ.

"ಹರಿಣಿ ಏನಮ್ಮ?"

"ಹೂಂ ಅಕ್ಕ. ಎಷ್ಟು ಸಲ ಮಾಡ್ದೆ. ಹೊಸಬ್ಳು, ಇವ್ಳಿಗೆ ಕೊಡೋದು ಬೇಡ ಅಂತ ನನ್ ನಂಬರ್ ತೆಗ್ದಾಕಿದ್ರೇನೋ ಅನ್ಕೊಂಡೆ. ಅಮ್ಮ ಬೇಡ ಅಂದ್ರೂ ಕೇಳ್ದೆ ಬಂದ್ಬಿಟ್ಟೆ."

"ಎಲ್ಲಿಗೆ ಬಂದೆ?"

"ನಿಮ್ ಮನೆ ಮುಂದೇನೆ ಇದೀನಕ್ಕ, ಒಂಬತ್ತು ಗಂಟೆಯಿಂದ. ಹುಳ ಜ್ವರಕ್ಕೆ ಕೂತಿದೆ, ಒಳಗೆ ಬಿಡಲ್ಲ ಅಂದ್ರು ಯಜಮಾನ್ರು. ನಿಮಗೆ ಫೋನ್ ಮಾಡ್ತಾನೇ ಇದಾರೆ."

ಶ್ಯಾಮಲಮ್ಮ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟಳು. ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ. ಮುರಳಿಮೋಹನ ಒಂದು ಲೋಟ ನೀರು ಕೊಟ್ಟ. ಹಳೇ ಫೋನು ಸದ್ಯಕ್ಕೆ ಇಟ್ಟುಕೊಳ್ಳಿ ಅಂದ. ಅವಳು ಹೊರಟಾಗ ಅವನು ಅಂಗಡಿಯ ಹಳೇ ಬಿಲ್ಲುಗಳ ಕಟ್ಟು ಕೆಳಗಿಳಿಸಿ, ಮೊದಲನೇ ಗಿರಾಕಿಗೆ ಫೋನು ಮಾಡುತ್ತಿದ್ದ. "ಅಣ್ಣ, ನಿಮ್ ಪಾಸ್‌ವರ್ಡ್ ನಿಮ್ ಹತ್ರ ಇರ್ಬೇಕು, ಒಂದ್ಸಲ ಅಂಗಡಿ ಕಡೆ ಬನ್ನಿ" ಅನ್ನುವುದು ಅವಳ ಕಿವಿಗೆ ಬಿತ್ತು.

ಸಾದಲಿಯಲ್ಲಿ ಬಾಡಿಗೆ ಆಟೋ ಪಕ್ಕ, ಬೇವಿನ ನೆರಳಲ್ಲಿ ಹರಿಣಿ ಕೂತಿದ್ದಳು. ಇಪ್ಪತ್ತೈದರ ಹುಡುಗಿ, ತೊಡೆಯ ಮೇಲೆ ಒಗೆದು ಮಡಿಸಿದ ಬಿಳೀ ಬಟ್ಟೆ. ರಾಮಾಂಜಿನಪ್ಪ ಒಳಗೆ ಬಿಡದಿದ್ದರೂ ಊಟ ಹಾಕಿದ್ದ. ಶ್ಯಾಮಲಮ್ಮ ಏನೂ ಮುಚ್ಚಿಡದೆ, ಸುಣ್ಣದ ಕತೆಯನ್ನೂ ಸೇರಿಸಿ ಹೇಳಿದಳು. ಹರಿಣಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

ಬಿಸಿಲು ಇಳಿದಮೇಲೆ ರೈತರು ಬಂದರು. ನಲ್ಲಪ್ಪ ತನ್ನ ನೂರೈವತ್ತು ಎತ್ತಿಕೊಂಡ. ಎಲ್ಲರದೂ ಆದಮೇಲೆ ನೂರು ಮೊಟ್ಟೆಯ ಹುಳ ಹರಿಣಿಯ ಆಟೋ ಏರಿತು. ಬಿಳೀ ಬಟ್ಟೆ ಹೊದಿಸಿ, ಬೆಳಿಗ್ಗೆ ಎಲ್ಲ ಎದ್ದವೋ ಇಲ್ಲವೋ ನೋಡಿಕೊಂಡೇ ಸೊಪ್ಪು ಹಾಕು ಅಂತ ಶ್ಯಾಮಲಮ್ಮ ಎರಡೆರಡು ಸಲ ಹೇಳಿದಳು.

"ಅಕ್ಕ, ನನ್ ನಂಬರ್ ಉಳಿಸ್ಕೊಂಡ್ರಾ?"

"ಫೋನಲ್ಲಿ ಉಳಿಸ್ದೆ. ತಡಿ, ಇನ್ನೊಂದ್ ಕಡೇನೂ ಹಾಕ್ತೀನಿ."

ಉಳಿದ ಸುಣ್ಣಕ್ಕೆ ಒಂದಿಷ್ಟು ನೀರು ಬೆರೆಸಿ, ಬೆರಳು ಅದ್ದಿ, ಚಾಕಿ ಮನೆಯ ಹಸಿರು ಬಾಗಿಲ ಮೇಲೆ ದೊಡ್ಡದಾಗಿ ಬರೆಯತೊಡಗಿದಳು. ಬಹಳ ದಿನದಿಂದ ಬರೆಯದ ಕೈ, ಅಕ್ಷರ ಸೊಟ್ಟಗಾದವು. ಎಲ್ಲಕ್ಕಿಂತ ಮೇಲೆ ಹರಿಣಿಯ ಹೆಸರು, ಊರು, ನಂಬರು. ನಲ್ಲಪ್ಪನದು ಅದರ ಕೆಳಗೆ.

"ಹೊಸಬ್ಳ ಹೆಸರು ಮೊದ್ಲು ಬರೀತೀರಾ ಅಕ್ಕ?" ಅಂದಳು ಹರಿಣಿ.

"ನಾನು ಮರ್ತಿದ್ದು ನಿನ್ನನ್ನೇ ಅಲ್ವೇನಮ್ಮ" ಅಂದಳು ಶ್ಯಾಮಲಮ್ಮ, ಮತ್ತೆ ಬೆರಳು ಅದ್ದಿಕೊಂಡು.