ಬಿಳಿಕಲ್ಲಿಗೆ ಬಳಿದ ಸುಣ್ಣ

ಜುಂಜಮ್ಮನಿಗೆ ನೀರಿನ ಭಯ ಹುಟ್ಟಿನಿಂದ ಬಂದದ್ದಲ್ಲ. ಮಾರಿಕಣಿವೆಯ ಅಣೆಕಟ್ಟು ತುಂಬಿ ಹಿನ್ನೀರು ಹಟ್ಟಿಯ ಹೊಸ್ತಿಲ ತನಕ ಬಂತಲ್ಲ, ಆವತ್ತಿನಿಂದ ಶುರುವಾದದ್ದು. ಅದಕ್ಕೂ ಮುಂಚೆ ಮನೆಯ ಮುಂದೆ ಬರೀ ಬಯಲು, ಬಳ್ಳಾರಿ ಜಾಲಿಯ ಮೆಳೆ, ಮೆಳೆಯ ನಡುವೆ ಒಂದು ಗಾಡಿದಾರಿ. ಆ ದಾರಿಯಲ್ಲಿ ಅವಳು ಮೂವತ್ತು ವರ್ಷ ಕುರಿ ಹೊಡೆದಿದ್ದಳು. ದಾರಿಯ ಆ ತುದಿಯಲ್ಲಿ ಸೊಂಟದೆತ್ತರದ ಒಂದು ದೇವರ ಕಲ್ಲು. ವರ್ಷವರ್ಷವೂ ಸುಣ್ಣ ಬಳಿಯುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅದು ಬಿಳಿಕಲ್ಲು.

ಈಗ ದಾರಿಯೂ ನೀರಿನಡಿ, ಜಾಲಿಯೂ ನೀರಿನಡಿ. ಜಾಲಿಯ ಮುಳ್ಳು ಮಾತ್ರ ನೀರಿನ ಮಟ್ಟದಿಂದ ಒಂದು ಗೇಣು ಕೆಳಗೆ ಕಾದು ಕೂತಿತ್ತು. ಹೋದ ವರ್ಷ ಹಟ್ಟಿಯ ಪಾಪಣ್ಣನ ತೆಪ್ಪದ ತಾಡಪಾಲು ಅಲ್ಲೇ ಹರಿದದ್ದು. ಎರಡು ದಿನ ಬಿಟ್ಟು ಅವನ ಹೆಣ ಸಿಕ್ಕಾಗ ಕಾಲಿಗೆ ಹಳೇ ಬಲೆ ಸುತ್ತಿಕೊಂಡಿತ್ತು. ಈಜು ಬರುತ್ತಿದ್ದವನು, ಪಾಪಣ್ಣ.

ಇಂಥ ನೀರಿಗೇ ಅವಳ ಮಗ ಗಿರೀಶ್ ಪೇಟೆಯವರನ್ನು ಮೀನು ಹಿಡಿಸಲು ಕರೆದೊಯ್ಯುವವನಾಗಿದ್ದ. ಆಚೆ ದಡದ ಬಂಡೆಯ ಮೇಲೆ ಕೂತು ಗಾಳ ಹಾಕಿದರೆ, ಬಿಸಿಲೇರುವ ಮುಂಚೆ ಕಾಟ್ಲಾ ಕಚ್ಚುತ್ತದೆ. ಸುತ್ತು ಹಾಕುವ ಕಾಲುದಾರಿಯಲ್ಲಿ ಕುರಿ ಹೋದಾವು, ಸಾಮಾನು ಹೊತ್ತ ಪೇಟೆಯವರು ಹೋಗಲಾರರು. ತೆಪ್ಪವೇ ಗತಿ. ಹಾದಿ ಹೇಳಿಕೊಟ್ಟವಳೂ ಜುಂಜಮ್ಮನೇ. "ಹಟ್ಟಿ ದಡದಿಂದ ಬಿಳಿಕಲ್ಲಿಗೆ ನೆಟ್ಟ ದಿಟ್ಟಿ ತೆಗೀಬ್ಯಾಡ. ನಿನ್ನ ತೆಪ್ಪದ ಕೆಳಗೆ ಗಾಡಿದಾರಿ ಇರ್ತೈತೆ, ಮುಳ್ಳಿರಲ್ಲ. ಅತ್ಲಾಗಿತ್ಲಾಗೆ ಹತ್ತು ಮಾರು ಸರಿದ್ಯೋ, ಪಾಪಣ್ಣನ ಜಾಲಿ."

ಶನಿವಾರ ಮಧ್ಯಾಹ್ನದಿಂದ ಅಂಗಳದ ತುಂಬ ತಯಾರಿ. ಗಿರೀಶ್ ಮತ್ತು ಅವನ ಜೊತೆಗಾರ ಶಿವು ಬಿದಿರುಬುಟ್ಟಿಯಂಥ ಎರಡು ತೆಪ್ಪಗಳನ್ನೂ ಬೋರಲು ಹಾಕಿ ತಳದ ಟಾರು ತಟ್ಟಿ ನೋಡಿದರು. ಚಿತ್ರದುರ್ಗದಿಂದ ತಂದ ಲೈಫ್ ಜಾಕೆಟ್ಟುಗಳು ಕೇಸರಿ ಬಣ್ಣದಲ್ಲಿ ಹಗ್ಗದ ಮೇಲೆ ನೇತಾಡುತ್ತಿದ್ದವು. ಸೊಸೆ ಯಶೋದಾ ಶೇಂಗಾ ಹಿಂಡಿಗೆ ಅಕ್ಕಿ ತೌಡು, ಬೆಲ್ಲ, ಚಿಟಿಕೆ ಇಂಗು ಹಾಕಿ ಮೀನಿನ ತಿಂಡಿ ನಾದುತ್ತಿದ್ದಳು.

"ಏನತ್ತೆ, ನಿಮ್ಮ ಮಗ ನನ್ನ ಕೈಯಡುಗೆ ತಿಂದು ಒಂದಿನಾನೂ ಚೆನ್ನಾಗೈತೆ ಅಂದೋರಲ್ಲ. ಮೀನಿಗೆ ಮಾತ್ರ ಬೆಲ್ಲ ಇನ್ನೊಂಚೂರು ಹಾಕು ಅಂತಾರೆ."

"ಮೀನು ಬಾಯಿ ಬಿಟ್ರೆ ದುಡ್ಡು ಬರ್ತೈತೆ. ನಾನು ಬಾಯಿ ಬಿಟ್ರೆ ಬೈಗುಳ ಬರ್ತೈತೆ," ಎಂದ ಗಿರೀಶ್.

ಶಿವು ನಕ್ಕ. ಜುಂಜಮ್ಮ ನಗಲಿಲ್ಲ. "ಎಷ್ಟು ಜನ ಬರ್ತಾರೋ?"

"ಐದು ಜನ ಕಣವ್ವ. ದಯಾನಂದ ಸರ್ ಅಂತ, ಕಾಲೇಜಲ್ಲಿ ಪಾಠ ಹೇಳೋರು, ಅವ್ರೂ ಅವ್ರ ಸ್ನೇಹಿತ್ರೂ. ನಂದ್ರಾಗೆ ಮೂವರು, ಶಿವುಂದ್ರಾಗೆ ಇಬ್ರು."

"ತೆಪ್ಪ ತಗ್ಗಾಗಲ್ವೇನೋ ಅಷ್ಟು ಭಾರಕ್ಕೆ?"

"ಗೇಣು ಮುಳುಗ್ತೈತೆ. ಗಾಡಿದಾರಿ ಮ್ಯಾಲೆ ಏನೈತೆ ತಗಲಾಕೆ? ಹೊರಡೋ ಮುಂದೆ ಇಂಥವು ಆಡಬ್ಯಾಡ ಸುಮ್ನಿರು."

ಹೌದು, ಹೊರಡುವ ಮುಂದೆ ಕೆಟ್ಟದ್ದನ್ನು ನುಡಿಯಬಾರದು. ಅವಳು ಬಾಯಿ ಮುಚ್ಚಿಕೊಂಡು ಕುರಿ ಕೂಡಿಹಾಕಲು ಎದ್ದಳು. ಅವಳಲ್ಲಿ ಒಂದು ಗುಟ್ಟಿತ್ತು. ಹದಿನೈದು ದಿನದಲ್ಲಿ ನೀರು ಇನ್ನೂ ಏರಿ ದೇವರ ಕಲ್ಲು ನೆತ್ತಿ ಸಮೇತ ಮುಳುಗಿಹೋಗಿತ್ತು. ಅವಳಿಗೆ ಅದು ಮೊದಲು ದೇವರು, ಆಮೇಲೆ ದಾರಿಯ ಗುರುತು. ದೇವರು ನೀರಿನಡಿ ಇರುವಾಗ ಮಗನನ್ನು ಯಾರ ಕೈಗೆ ಒಪ್ಪಿಸಿ ಕಳಿಸುವುದು? ಶುಕ್ರವಾರ ಒಬ್ಬಳೇ ಕಾಲುದಾರಿಯಲ್ಲಿ ಸುತ್ತಿ ಹೋಗಿ, ಅದರ ಎಡಗಡೆಯ ದಿಬ್ಬದ ಮೇಲಿದ್ದ ಇನ್ನೊಂದು ಕಲ್ಲನ್ನು ತೊಳೆದು, 'ಇಲ್ಲಿಗೆ ಎದ್ದು ಬಾ ನನ್ನಪ್ಪ, ಮಗ ಸುಖವಾಗಿ ದಡ ಹತ್ತಿದರೆ ಮರಿ ಬಿಡ್ತೀನಿ' ಎಂದು ಹರಕೆ ಹೊತ್ತು, ಸುಣ್ಣ ಬಳಿದು, ಅರಿಶಿನ ಇಟ್ಟು, ಸಾಂಬ್ರಾಣಿ ಹಾಕಿ ಬಂದಿದ್ದಳು. ಹರಕೆ ತೀರುವ ತನಕ ಬಾಯಿ ಬಿಡಬಾರದು, ಬಿಟ್ಟರೆ ಫಲವಿಲ್ಲ. ಗಂಡ ಕಾಟಯ್ಯನಿಗೂ ಹೇಳಿರಲಿಲ್ಲ.

ಭಾನುವಾರ ನಸುಕಿಗೇ ಪೇಟೆಯವರು ಬಂದಿಳಿದರು. ಮಂಜು ನೀರಿನ ಮೇಲೆ ಹತ್ತಿ ಹಿಂಜಿ ಹರವಿದಂತೆ ಬಿದ್ದಿತ್ತು. ದಯಾನಂದ ಸರ್ ಜಾಕೆಟ್ಟಿನ ಕೊಂಡಿ ಹಾಕಲು ಬಾರದೆ ಒದ್ದಾಡಿದರು.

"ಉಸಿರು ಒಳಗೆಳಕಳ್ರಿ ಸರ್," ಎಂದ ಶಿವು.

"ಎಳೆದಿದ್ದೀನಪ್ಪ, ಹೊಟ್ಟೆ ಬರ್ತಿಲ್ಲ."

ಎಲ್ಲರೂ ನಕ್ಕರು. ಕಾಟಯ್ಯ ಎಲ್ಲರ ಹಣೆಗೂ ಅರಿಶಿನದ ಭಂಡಾರ ಇಟ್ಟ. ಫೋನುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿದರು, ಆ ಕಣಿವೆಯಲ್ಲಿ ಅವು ಹೇಗೂ ಮಾತಾಡುತ್ತಿರಲಿಲ್ಲ. ತೆಪ್ಪಗಳು ದಡ ಬಿಟ್ಟವು. ಹುಟ್ಟಿನ ಸದ್ದು ಸಣ್ಣಗಾಯಿತು, ಆಮೇಲೆ ಮಂಜೇ ಉಳಿಯಿತು.

ಯಶೋದಾ ಕೈ ತೊಳೆಯುತ್ತ ಹೇಳಿದಳು: "ಮಂಜು ಹಿಂಗೈತಲ್ಲ ಅಂತ ನಂಗೂ ದಿಗಿಲಾಗಿತ್ತು ಅತ್ತೆ. ನಿನ್ನೆ ಸಂಜೆ ಇವ್ರು ದಡದಾಗೆ ನಿಂತು ನೋಡಿ, ಬಿಳಿಕಲ್ಲು ಇನ್ನೂ ಮುಳುಗಿಲ್ಲ, ಹೊಸಾ ಸುಣ್ಣ ಬಳ್ದಂಗೆ ಹೊಳೀತೈತೆ, ಮಂಜಿದ್ರೂ ಕಾಣ್ತೈತೆ ಅಂದ್ರು."

ಜುಂಜಮ್ಮನ ಕೈಯಲ್ಲಿದ್ದ ಚೆಂಬು ಜಾರಿ ಬಿತ್ತು.

ಹೊಳೆಯುವ ಆ ಕಲ್ಲು ದಾರಿಯ ಕಲ್ಲಲ್ಲ. ಅದಕ್ಕೆ ನೆಟ್ಟ ದಿಟ್ಟಿಯಲ್ಲಿ ಹೋದರೆ ಎಡಕ್ಕೆ, ನೆಟ್ಟಗೆ ಜಾಲಿಯ ಮೇಲೆ. ಏಳು ಜನ. ಮಗನನ್ನು ಕಾಯಲಿ ಎಂದು ಬಳಿದ ಸುಣ್ಣ.

"ದಡಕ್ಕೆ ಓಡು, ಕೂಗು, ನಿಲ್ರಿ ಅಂತ ಕೂಗು," ಎಂದಷ್ಟೇ ಸೊಸೆಗೆ ಹೇಳಿ, ಕಂಬಳಿ ಹೆಗಲಿಗೆಸೆದು ಅವಳು ಕಾಲುದಾರಿ ಹಿಡಿದಳು. ಭಾರದ ತೆಪ್ಪ ನಿಧಾನ, ಅದೊಂದೇ ಧೈರ್ಯ. ಕಾರೆ ಮುಳ್ಳು ಸೀರೆ ಹಿಡಿದೆಳೆಯಿತು. ಹಿಂದಿನಿಂದ ಯಶೋದಾಳ ಕೂಗು ಬಂದು ಮಂಜಿನಲ್ಲಿ ಮುಳುಗಿಹೋಯಿತು. ಹೆದರಿಕೆಯಾದಾಗೆಲ್ಲ ಅವಳು ತನ್ನ ಅವ್ವ ರಾಗವಾಗಿ ಹೇಳುತ್ತಿದ್ದ ದೇವರ ಪದ ಹೇಳಿಕೊಳ್ಳುವವಳು. ಆ ದಿನ ಒಂದು ಸೊಲ್ಲೂ ನಾಲಿಗೆಗೆ ಬರಲಿಲ್ಲ. ಪಾಪಣ್ಣನ ಕಾಲಿಗೆ ಸುತ್ತಿದ್ದ ಬಲೆಯ ಹಸಿರು ಬಣ್ಣವೊಂದೇ ಕಣ್ಣ ಮುಂದೆ.

ದಿಬ್ಬ ಹತ್ತಿದಾಗ ಎದೆ ಒಡೆಯುವಂತಿತ್ತು. ಹೊಸ ಕಲ್ಲು ಬೆಳ್ಳಗೆ ನಗುತ್ತ ನಿಂತಿತ್ತು. ಕೆಳಗೆ ಮಂಜು ಅಲ್ಲಲ್ಲಿ ಹರಿದು, ಎರಡು ಕಪ್ಪು ಬುಟ್ಟಿಗಳು ಆ ಕಲ್ಲಿನತ್ತಲೇ ತೇಲಿ ಬರುತ್ತಿದ್ದವು. ಜಾಲಿಗೆ ಇನ್ನು ದೂರವಿರಲಿಲ್ಲ. ಕೂಗಿದಳು. ಓಡಿ ಬಂದ ಗಂಟಲಿನಿಂದ ಬರೀ ಗಾಳಿ ಬಂತು.

ಮೊನ್ನೆ ತಾನೇ ಕೈಮುಗಿದ ಕಲ್ಲು. ಅವಳು ದಡದ ಕಪ್ಪು ಗೋಡುಮಣ್ಣು ಬಾಚಿ ಬಾಚಿ ತಂದು ಅದರ ಮೈಗೆ, ಅರಿಶಿನ ಇಟ್ಟ ಜಾಗಕ್ಕೆ ಮೆತ್ತಿದಳು. "ತಪ್ಪಾಯ್ತು ನನ್ನಪ್ಪ, ತಪ್ಪಾಯ್ತು." ಬಿಳುಪು ಹೋಯಿತು. ಗುರುತು ಕಳೆದ ತೆಪ್ಪಗಳು ನಿಂತವು. ಆದರೆ ನಿಂತ ತೆಪ್ಪ ನಿಂತಲ್ಲೇ ಇರುತ್ತದೆಯೇ? ತಿರುಗುತ್ತ, ಗಾಳಿ ದೂಡಿದತ್ತ, ಮೆಳೆಯತ್ತಲೇ ಸರಿಯತೊಡಗಿದವು. ಅವರಿಗೆ ನಿಜವಾದ ಕಲ್ಲು ಬೇಕಿತ್ತು. ಅದು ನೀರಿನಡಿ ಇತ್ತು.

ಶುಕ್ರವಾರ ಉಳಿಸಿಹೋಗಿದ್ದ ಸುಣ್ಣದ ಮಡಕೆ ಬಂಡೆಯ ಮರೆಯಲ್ಲಿತ್ತು. ಕರಿ ಕಂಬಳಿಯ ಮೇಲೆ ಅಷ್ಟನ್ನೂ ಸುರಿದು, ಕೈಯಿಂದ ಸವರಿ, ತಲೆಯ ಮೇಲೆ ಹೊದ್ದುಕೊಂಡು ಅವಳು ಹಳೇ ಕಲ್ಲಿನತ್ತ ಇಳಿಜಾರು ಇಳಿದಳು. ಸುಣ್ಣ ಕಣ್ಣಿಗಿಳಿದು ಉರಿ ಎದ್ದಿತು. ಕಣ್ಣು ಬೇಕಾಗಿರಲಿಲ್ಲ. ಈ ನೆಲ ಅವಳ ಕಾಲಿಗೆ ಗೊತ್ತಿತ್ತು. ಇಲ್ಲಿ ಕುರಿ ನೀರು ಕುಡಿಯುತ್ತಿದ್ದ ತಗ್ಗು, ಇಲ್ಲಿ ಗಾಡಿಯ ಚಕ್ರ ಸವೆಸಿದ ಬಂಡೆ. ಮೊಣಕಾಲಿಗೆ ನೀರು, ಸೊಂಟಕ್ಕೆ, ಎದೆಗೆ. ತಣ್ಣನೆಯ ನೀರು ಕೊರಳು ಮುಟ್ಟಿದಾಗ ತಿರುಗಿ ಓಡಿಬಿಡಬೇಕೆನ್ನಿಸಿತು. ಆಗ ಮೊಣಕಾಲಿಗೆ ಕಲ್ಲು ತಗಲಿತು.

ಕಲ್ಲನ್ನು ತಬ್ಬಿ ಹತ್ತಿದಳು. ಹುಟ್ಟಿದಂದಿನಿಂದ ಹಣೆ ಇಟ್ಟ ಕಲ್ಲಿನ ನೆತ್ತಿಯ ಮೇಲೆ ಎರಡೂ ಪಾದ ಊರಿ ನಿಂತಳು. ಅಲ್ಲಾಡಬಾರದು. ಕಲ್ಲು ಅಲ್ಲಾಡುವುದಿಲ್ಲ.

ಮಂಜಿನೊಳಗಿಂದ ಶಿವುವಿನ ದನಿ. "ಲೇ ಗಿರೀಶ, ಕಲ್ಲು ಅಲ್ಲಲ್ಲೋ! ಬಲಕ್ಕೈತೆ ನೋಡು!"

"ಅಲ್ಲಿ ಹೆಂಗ್ ಬಂತೋ ಅದು?" ಗಿರೀಶನ ದನಿ. "ಸರ್, ಅಲ್ಲಾಡಬ್ಯಾಡ್ರಿ. ಕುಂತ್ಕಳ್ರಿ, ಕುಂತ್ಕಳ್ರಿ. ತಳಕ್ಕೆ ಏನೋ ಕೆರೀತು."

ಆ ಕೆರೆತ ಅವಳ ಬೆನ್ನುಮೂಳೆಯಲ್ಲೇ ಆದಂತಾಯಿತು. ಕಣ್ಣು ತೆರೆಯಲಾಗುತ್ತಿರಲಿಲ್ಲ, ಕಿವಿಯೊಂದೇ ಇತ್ತು. ಹುಟ್ಟು ಹಿಂದಕ್ಕೆ ತಳ್ಳಿದ ಸದ್ದು. ಮತ್ತೊಮ್ಮೆ. ಕಡ್ಡಿ ಮುರಿದ ಸದ್ದು. ಯಾರೋ ರಾಮ ರಾಮ ಎಂದರು. ಆಮೇಲೆ ಒಂದೇ ಸಮನೆ ಹುಟ್ಟು ಬೀಳತೊಡಗಿತು, ಹತ್ತಿರ, ಇನ್ನೂ ಹತ್ತಿರ.

"ಸರ್, ಆ ಕಲ್ಲಿಗೆ ಕೈ ಅವೆ," ಎಂದ ಶಿವು ಮೆಲ್ಲಗೆ.

ಯಾರೂ ನಗಲಿಲ್ಲ. ಹುಟ್ಟು ನಿಂತಿತು.

"ಅವ್ವಾ?" ಎಂದ ಗಿರೀಶ್.

ಆಗ ಅವಳ ಹಲ್ಲು ಕಟಕಟಿಸಲು ಶುರುವಾಯಿತು. "ಎಷ್ಟು ಜನ ಅದೀರಿ? ಎಣಿಸಿ ಹೇಳೋ."

"ಏಳು ಜನಾನೂ ಅದೀವಿ ಕಣವ್ವ. ತಳದಾಗೆ ಒಂಚೂರು ಜಿನುಗ್ತೈತೆ ಅಷ್ಟೇ. ನೀನು ಅಲ್ಲಿ ಏನ್ ಮಾಡ್ತಿದ್ದೀಯ?"

"ಆಮೇಲೆ ಹೇಳ್ತೀನಿ. ನನ್ನ ಕಾಲ ಕೆಳಗೆ ದೇವರವ್ನೆ," ಎಂದು ಅವಳು ಗಾಳಿಯಲ್ಲಿ ಕೈ ತಡಕಾಡಿದಳು. "ಮೊದ್ಲು ನನ್ನ ಎತ್ಕಳ್ರೋ."