ಹೊಳೆದಂಡೆಯಲ್ಲಿ ಹನ್ನೊಂದು ದಿನ ನಿಂತ ನರಿ

ದಿಗ್ಗೇವಾಡಿಯ ಸೋನಾಬಾಯಿ ಮಾತು ನಿಲ್ಲಿಸಿದ ದಿನ ಓಣಿಯವರು ಕರೆಂಟು ಹೋಯಿತೆಂದುಕೊಂಡರು. ಏನೋ ಒಂದು ಸಪ್ಪಳ ನಿಂತಿತ್ತು. ಹಿಟ್ಟಿನ ಗಿರಣಿ ನೋಡಿದರೆ ನಡೆದೇ ಇತ್ತು. ಆಮೇಲೆ ಗೊತ್ತಾಯಿತು, ನಿಂತದ್ದು ಸೋನಾಬಾಯಿ.

ಕಾರಣ ಮೊಮ್ಮಗ ವಿಕ್ರಾಂತ. ಅವನು ಏಳು ತಿಂಗಳಿಗೇ ಹುಟ್ಟಿದ ಕೂಸು. ತೂಕ ಒಂದು ಕಿಲೋ ಇನ್ನೂರು ಗ್ರಾಂ. ಚಿಕ್ಕೋಡಿಯ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ನಲವತ್ತು ದಿನ ಇದ್ದು, ದೇವರ ದಯೆಯಿಂದ ಮನೆಗೆ ಬಂದ. ಈಗ ಎರಡು ವರ್ಷ ತುಂಬಿತ್ತು. ಓಡುತ್ತಿದ್ದ, ನಗುತ್ತಿದ್ದ, ಎಮ್ಮೆಯ ಬಾಲ ಜಗ್ಗುತ್ತಿದ್ದ. ಮಾತು ಮಾತ್ರ ಒಂದೂ ಇಲ್ಲ, ಅವ್ವ ಎನ್ನುವಷ್ಟೂ ಇಲ್ಲ. ಅದೇ ವಾರ ಹುಟ್ಟಿದ ಎದುರುಮನೆ ತಾರಾಬಾಯಿಯ ಮೊಮ್ಮಗಳಾದರೋ ಕಟ್ಟೆಯ ಮೇಲೆ ಕುಳಿತು ಕನ್ನಡದಲ್ಲಿ ಬೈದು ಮರಾಠಿಯಲ್ಲಿ ಅಳುತ್ತಿದ್ದಳು.

ಸೋನಾಬಾಯಿ ಯಡೂರಿಗೆ ಹೋದಳು. ಕೃಷ್ಣೆಯಲ್ಲಿ ಮುಳುಗಿ ಎದ್ದು, ಒದ್ದೆ ಸೀರೆಯಲ್ಲೇ ವೀರಭದ್ರನ ಮುಂದೆ ನಿಂತಳು.

"ಯಪ್ಪಾ, ನನಗ ಮಾತ ಭಾಳ ಕೊಟ್ಟಿ. ಒಬ್ಬಾಕಿಗೆ ಇಷ್ಟ್ಯಾಕ ಬೇಕು? ನಂದ ತಗದು ನನ್ನ ಮೊಮ್ಮಗಗ ಕೊಡು. ಅಂವಾ ಒಂದ ಮಾತಾಡೂತನಕ ನಾ ಬಾಯಿ ತಗ್ಯಾಂಗಿಲ್ಲ."

ಹಾಗೆಂದು ಮುಚ್ಚಿದ ಬಾಯಿ ಮುಚ್ಚಿಯೇಬಿಟ್ಟಿತು. ಬರುವಾಗ ಬಸ್ಸಿನಲ್ಲಿ ಸೀಟಿನ ಜಗಳವನ್ನೂ ಕೈಸನ್ನೆಯಲ್ಲೇ ಆಡಿ ಗೆದ್ದಳು.

ಅವಳ ಗಂಡ ಲಗಮಣ್ಣ ಮೊದಲಿನಿಂದಲೂ ಮಾತು ಕಡಿಮೆಯ ಮನುಷ್ಯ. ಹೆಂಡತಿ ನೂರು ಮಾತು ಆಡಿದರೆ ಒಮ್ಮೆ "ಹೂಂ" ಅನ್ನುವವನು. ಆ ತಿಂಗಳು ಅವನಿಗೆ ಬಹಳ ಹಿತವಾಯಿತು. ತಮ್ಮ ಜಂತಿಯಲ್ಲಿ ಗುಬ್ಬಿ ಗೂಡು ಕಟ್ಟಿದೆಯೆಂಬುದು ಅವನ ಕಿವಿಗೆ ಬಿದ್ದದ್ದೇ ಆಗ. ಆದರೂ ಕೂಸಿನ ಮುಖ ನೋಡಿದಾಗಲೆಲ್ಲ ಆ ಹಿತ ಅರ್ಧಕ್ಕೇ ನಿಲ್ಲುತ್ತಿತ್ತು.

ತಿಂಗಳಾದ ಮೇಲೆ ಸೊಸೆ ರೂಪಾಲಿ ಅತ್ತೆ ಮಾವ ಇಬ್ಬರನ್ನೂ ಕರೆದುಕೊಂಡು, ಕೂಸನ್ನು ಚಿಕ್ಕೋಡಿಯ ಡಾಕ್ಟರ್ ಸೀಮಾ ಅವರಿಗೆ ತೋರಿಸಿದಳು. ಡಾಕ್ಟರು ಕಿವಿ ನೋಡಿದರು, ಆಟಿಕೆ ಕೊಟ್ಟು ಆಡಿಸಿದರು.

"ಕಿವಿ ಚೊಲೋ ಅದಾವ, ಹುಡುಗ ಶಾಣ್ಯಾ ಅದಾನ. ಬಸರಿನ ಕಡೀ ತಿಂಗಳದಾಗ ಕೂಸಿನ ಮಿದುಳು ಭಾಳ ಬೆಳೀತೈತ್ರಿ. ಒಳಗ ಕುಂತ ಅವ್ವನ ದನಿ ಕೇಳ್ತಿರತೈತಿ. ಆ ಹೊತ್ತಿನ್ಯಾಗ ಇಂವಾ ಕೇಳಿದ್ದು ಮಷೀನಿನ ಸಪ್ಪಳ. ಇಂಥಾ ಕೂಸುಗಳಿಗೆ ಮಾತು ತಡಾ ಆಗಬಹುದು. ಅಂಜಬ್ಯಾಡ್ರಿ, ಸುಮ್ನೂ ಕುಂಡ್ರಬ್ಯಾಡ್ರಿ. ಇವನ ಕೂಡ ದಿನಾ ಮಾತಾಡ್ರಿ. ಮನ್ಯಾಗ ಭಾಳ ಮಾತಾಡೋರು ಯಾರು?"

ಲಗಮಣ್ಣ, ರೂಪಾಲಿ ಇಬ್ಬರೂ ಒಮ್ಮೆಗೇ ಸೋನಾಬಾಯಿಯತ್ತ ಬೆರಳು ಮಾಡಿದರು. ಸೋನಾಬಾಯಿ ಫ್ಯಾನು ನೋಡಿದಳು.

"ಆಯೀ, ನಿಮ್ಮ ಮಾತೇ ಇವಂಗ ಔಷಧ ನೋಡ್ರಿ," ಎಂದರು ಡಾಕ್ಟರು.

ಸೋನಾಬಾಯಿ ಮೇಲೆ ತೋರಿಸಿ, ಕೂಸನ್ನು ತೋರಿಸಿ, ತುಟಿಗೆ ಕೀಲಿ ಹಾಕಿ ತೋರಿಸಿದಳು. ಕಣ್ಣಲ್ಲಿ ನೀರು ಬಂದಿತ್ತು. ರೂಪಾಲಿ ಹರಕೆಯ ಸಂಗತಿ ಬಿಡಿಸಿ ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟರು.

"ವೀರಭದ್ರಗ ಕೊಟ್ಟ ಮಾತ ಬಿಡಸಾಕ ನನ್ನ ಕಡೆ ಗುಳಿಗಿ ಇಲ್ರಿ. ಅಜ್ಜಾರ, ಹಂಗಾರ ನೀವ."

ಲಗಮಣ್ಣ ತನ್ನ ಹಿಂದೆ ಬೇರೆ ಅಜ್ಜ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದ.

"ಒಂದ ಮಾತ ಹೇಳ್ರಿ, ಮನಸಿನ್ಯಾಗ ಹತ್ತರತನಕ ಎಣಸ್ರಿ. ಆ ಹೊತ್ತು ಅವನ ಪಾಳಿ. ಅವನ ಪಾಳಿ ನೀವು ಕಸ್ಗೋಬ್ಯಾಡ್ರಿ."

ರೂಪಾಲಿ ರಾಯಬಾಗದ ಶಾಲೆಯ ಟೀಚರು. ಅವಳ ಗಂಡ ಮಲ್ಲೇಶ ಹಗಲೆಲ್ಲ ಕಬ್ಬಿನ ಹೊಲದಲ್ಲಿ. ಕೂಸಿನ ಹತ್ತಿರ ಮಾತಾಡಲು ಹಗಲಿಗೆ ಉಳಿದವನು ಲಗಮಣ್ಣ ಒಬ್ಬನೇ.

"ಇದು ಎಮ್ಮಿ," ಎಂದು ಶುರು ಮಾಡಿದ. ಹತ್ತು ಎಣಿಸಿದ. "ಅದೂ ಎಮ್ಮಿ." ಮತ್ತೆ ಹತ್ತು ಎಣಿಸಿದ. ಊಟದ ಹೊತ್ತಿಗೆ ಅಂಗಳದ ಸಾಮಾನೆಲ್ಲ ಮುಗಿಯಿತು. ಮರುದಿನ ದಾರಿ ಕಾಣದೆ ಕಥೆಗೆ ಇಳಿದ.

"ಒಂದ ಊರಾಗ ಒಂದ ನರಿ ಇತ್ತು. ನೀರ ಕುಡ್ಯಾಕ ಹೊಳಿಗೆ ಹೋತು."

ನಮ್ಮ ಕಡೆ ಕಥೆಗೆ ಒಂದು ಪದ್ಧತಿ ಇದೆ. ಕೇಳುವವರು "ಹೂಂ" ಎನ್ನಬೇಕು, ಆಗ ಹೇಳುವವರು ಮುಂದೆ ಹೋಗಬೇಕು. ಹೂಂ ಇಲ್ಲದಿದ್ದರೆ ಕಥೆ ನಿಂತಲ್ಲೇ ನಿಲ್ಲುತ್ತದೆ. ಲಗಮಣ್ಣ ಪದ್ಧತಿ ಬಿಡುವವನಲ್ಲ, ಕಾಯುವುದಂತೂ ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಹತ್ತು ಎಂದರೆ ನೂರು ಎಣಿಸುತ್ತಿದ್ದ. ಕೂಸು ಅವನ ಬಾಯಿಯನ್ನೇ ನೋಡುತ್ತ ಕುಳಿತಿರುತ್ತಿತ್ತು. ನರಿ ಹನ್ನೊಂದು ದಿನ ಹೊಳೆದಂಡೆಯಲ್ಲೇ ನಿಂತಿತು.

ಒಳಗೆ ರೊಟ್ಟಿ ಬಡಿಯುತ್ತಿದ್ದ ಸೋನಾಬಾಯಿಯ ಸಂಕಟ ಹೇಳತೀರದು. ಅದು ಮೊದಲಿನಿಂದಲೂ ಅವಳು ಹೇಳುತ್ತ ಬಂದ ಕಥೆ, ಗಂಡ ಅದನ್ನು ಪೂರಾ ತಪ್ಪು ಹೇಳುತ್ತಿದ್ದ. ತಿದ್ದುವಂತಿಲ್ಲ. ಆ ದಿನಗಳಲ್ಲಿ ಅವಳು ಬಡಿದ ರೊಟ್ಟಿ ಹಾಳೆಯಷ್ಟು ತೆಳ್ಳಗಿದ್ದವು.

ಹನ್ನೆರಡನೆಯ ದಿನ ಬೆಳಿಗ್ಗೆ ಲಗಮಣ್ಣ ಮತ್ತೆ ಹೇಳಿದ. "ನರಿ ನೀರ ಕುಡ್ಯಾಕ ಹೊಳಿಗೆ ಹೋತು."

"ಹೂಂ," ಅಂದ ವಿಕ್ರಾಂತ.

ಒಳಗೆ ರೊಟ್ಟಿಯ ಸಪ್ಪಳ ನಿಂತಿತು. ಸೋನಾಬಾಯಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಕೇಳಿದ್ಯಾ? ಮಾತಾಡಿದ. ನಿನ್ನ ಹರಕಿ ಮುಟ್ತು. ಬಾಯಿ ತಗಿ," ಎಂದ ಲಗಮಣ್ಣ.

ಅವಳು ತಲೆ ಅಡ್ಡ ಆಡಿಸಿದಳು. ಹೂಂ ಎಲ್ಲಿಯ ಮಾತು? ಲಗಮಣ್ಣನಿಗೆ ಸಿಟ್ಟು ಬಂದು, ಜನ್ಮದಲ್ಲೇ ಉದ್ದದ ಮಾತು ಆಡಿದ.

"ಮೂವತ್ತೆಂಟ ವರ್ಷ ಅದೊಂದರ ಮ್ಯಾಲ ನಿನ್ನ ಕೂಡ ಬಾಳೇ ಮಾಡೇನಿ. ಅದು ಮಾತ ಅಲ್ಲಂದ್ರ ನಾ ನಿನ್ನ ಕೂಡ ಇನ್ನೂ ಮಾತಾಡೇ ಇಲ್ಲ ಅಂದಂಗಾತು."

ಸೋನಾಬಾಯಿ ಸ್ವಲ್ಪ ಯೋಚಿಸಿ, ಹೌದು, ಹಾಗೆಯೇ ಆಗಿದೆ ಎಂಬಂತೆ ಗೋಣು ಹಾಕಿದಳು. ಆಮೇಲೆ ಯಡೂರಿನ ದಿಕ್ಕಿಗೆ ಕೈ ಮುಗಿದಳು. ಕೊಡುವವನು ಪೂರಾ ಕೊಡುತ್ತಾನೆ. ಅವನಿಗೆ ಒಂದು ಹೂಂ ತೋರಿಸಿ ಹರಕೆ ಮುಟ್ಟಿತೆನ್ನುವುದು ಅವಳ ಭಕ್ತಿಗೆ ಒಗ್ಗಲಿಲ್ಲ.

ಲಗಮಣ್ಣ ಕಥೆಗೆ ತಿರುಗಿದ. ಹೂಂ ಸಿಕ್ಕಿತ್ತು, ಮುಂದೆ ಹೋಗಲೇಬೇಕು. ಆದರೆ ಮುಂದೇನೆಂದು ಅವನಿಗೆ ಗೊತ್ತೇ ಇರಲಿಲ್ಲ. ಮೂವತ್ತೆಂಟು ವರ್ಷ ಈ ಕಥೆಗೆ ಅವನು ಹೂಂ ಅಂದಿದ್ದನೇ ಹೊರತು ಕೇಳಿರಲಿಲ್ಲ. ಕೂಸು ಅವನ ಬಾಯಿ ನೋಡಿತು. ಕಾಯ್ದಿತು. ಮೊಣಕಾಲಿಗೆ ಒಂದು ಏಟು ಹಾಕಿ ಕೇಳಿತು:

"ನರಿ?"

ಎದುರುಮನೆಯ ತಾರಾಬಾಯಿಗೂ ಕೇಳಿಸುವಷ್ಟು ಸ್ಪಷ್ಟವಾಗಿತ್ತು. ಸೋನಾಬಾಯಿ ಕೂಸನ್ನು ಎತ್ತಿಕೊಂಡಳು. ಅವನ ಗಲ್ಲಕ್ಕೆಲ್ಲ ಹಿಟ್ಟು ಹತ್ತಿತು. ದನಿ ಮೊದಲು ಒಡೆದು ಆಮೇಲೆ ಕೂಡಿಕೊಂಡಿತು.

"ನರಿ ಅಲ್ಲೋ ನನ್ನಪ್ಪಾ, ಅದು ಮೊಲ. ನೀರ ಕುಡ್ಯಾಕ ಹೋಗಿದ್ದಿಲ್ಲ, ಮಸಳಿ ಮನಿ ಲಗ್ನಕ್ಕ ಹೋಗಿತ್ತು. ನಿಮ್ಮಜ್ಜ ಹನ್ನೆರಡ ದಿನಾ ತಪ್ಪ ಹೇಳ್ಯಾನ. ಲಗ್ನದಾಗ ಏನಾತಂದ್ರ..."

ಲಗಮಣ್ಣ ಹತ್ತು ಬೆರಳು ಎತ್ತಿ ತೋರಿಸಿದ. ಡಾಕ್ಟರ ಮಾತು ನೆನಪಾಗಿ ಸೋನಾಬಾಯಿ ಕೈಯಿಂದ ಬಾಯಿ ಮುಚ್ಚಿಕೊಂಡಳು. ಒಂದೂವರೆ ತಿಂಗಳ ಹರಕೆಗಿಂತ ಆ ಹತ್ತು ಎಣಿಕೆ ಅವಳಿಗೆ ಕಠಿಣವಾಯಿತು. ಏಳಕ್ಕೆ ಬಂದಾಗ ಅಜ್ಜ, ಮೊಮ್ಮಗ ಇಬ್ಬರೂ ಕೂಡಿಯೇ ಅಂದರು:

"ಹೂಂ."